ವೆಂಕಟಸುಬ್ಬಯ್ಯನವರ ವಠಾರದ ಪರೀಕ್ಷೆ

ಎಲ್ಲಕ್ಕೂ ಮೂಲ ಒಂದು ಕಾರ್ಡು. ಕೋಲಾರದ ಚಿನ್ನದ ಗಣಿಯಲ್ಲಿದ್ದ ಯೇಸುದಾಸ್ ಮೈಸೂರಿನಲ್ಲಿದ್ದ ತಂಗಿ ಸೂಸಮ್ಮನಿಗೆ ಹೀಗೆ ಬರೆಸಿದ್ದ: 'ಗಣಿ ಕೆಲಸ ಸಾಕಾಯಿತು. ಬರುವ ಭಾನುವಾರ ಹೆಂಡತಿ, ಐದು ಮಕ್ಕಳು, ಅತ್ತೆ ಮತ್ತು ಎರಡು ಮೇಕೆಗಳ ಸಮೇತ ಬರುತ್ತಿದ್ದೇನೆ. ಮನೆ ಖಾಲಿ ಮಾಡಿಟ್ಟಿರಿ.'

ಮನೆ ಅವನದೇ, ಏನು ಹೇಳುವುದು? ಅದರಲ್ಲಿ ಆರು ವರ್ಷದಿಂದ ಇದ್ದವರು ಸೂಸಮ್ಮ ಮತ್ತು ಅವಳ ಗಂಡ ಇನ್ನಾಸಪ್ಪ. ಈಗ ಜೊತೆಗೆ ಮೂರು ತಿಂಗಳ ಕೂಸು ಬೇರೆ.

ಇನ್ನಾಸಪ್ಪ ಮೊದಲು ಬೀದಿ ದೀಪ ಹಚ್ಚುವವನಾಗಿದ್ದ. ಸಂಜೆಯಾದರೆ ಏಣಿ ಹೆಗಲಿಗೇರಿಸಿ, ಸೀಮೆಎಣ್ಣೆ ಡಬ್ಬ ಹಿಡಿದು ಕಂಬದಿಂದ ಕಂಬಕ್ಕೆ ಹೋಗುತ್ತಿದ್ದ. ಊರಿಗೆ ವಿದ್ಯುತ್ ದೀಪ ಬಂತು, ಇವನ ಕೆಲಸ ಹೋಯಿತು. ಏಣಿ ಮಾತ್ರ ಉಳಿಯಿತು. ಅದರ ಜೊತೆಗೆ ಒಂದು ಸುತ್ತಿಗೆ, ಒಂದು ಇಕ್ಕಳ, ಒಂದು ಉಳಿ ಸೇರಿಸಿಕೊಂಡು ಸಿಕ್ಕಸಿಕ್ಕವರ ಮನೆಯಲ್ಲಿ ರಿಪೇರಿ ಮಾಡುತ್ತಿದ್ದ. ಕೈ ಬಲು ಚೆನ್ನಾಗಿತ್ತು. ಆದರೆ ಮನುಷ್ಯ ಮಹಾ ಪುಕ್ಕಲು. ಯಾರಾದರೂ ಸ್ವಲ್ಪ ಜೋರಾಗಿ ಕೆಮ್ಮಿದರೆ, ತಾನೇನು ತಪ್ಪು ಮಾಡಿದೆನೋ ಎಂದು ತಿರುಗಿ ನೋಡುವ ಪೈಕಿ.

ಇಂಥವನಿಗೆ ಒಂದು ಸುದ್ದಿ ಸಿಕ್ಕಿತು. ಲಕ್ಷ್ಮೀಪುರದಲ್ಲಿ ವೆಂಕಟಸುಬ್ಬಯ್ಯನವರದೊಂದು ವಠಾರ. ಒಂದೇ ಅಂಗಳದ ಸುತ್ತ ಐದು ಮನೆ. ಮೂರರಲ್ಲಿ ಬಾಡಿಗೆಯವರು, ಎರಡು ಖಾಲಿ. ವಠಾರ ನೋಡಿಕೊಳ್ಳುವುದಕ್ಕೆ ಒಬ್ಬ ಮೇಸ್ತ್ರಿ ಬೇಕಂತೆ. ಸಂಬಳವಲ್ಲದೆ, ಇರುವುದಕ್ಕೆ ಆ ಖಾಲಿ ಮನೆಗಳಲ್ಲಿ ಒಂದನ್ನು ಕೊಡುತ್ತಾರಂತೆ. ಆದರೆ ಪರೀಕ್ಷೆ ಮಾಡಿಯೇ ತೆಗೆದುಕೊಳ್ಳುವುದಂತೆ.

"ಮನೆ ಕೊಡ್ತಾರಲ್ಲ, ಅಷ್ಟು ಸಾಕು ಕಣ್ರೀ," ಎಂದಳು ಸೂಸಮ್ಮ, ಶುಕ್ರವಾರ ಬೆಳಿಗ್ಗೆ ಅವನಿಗೆ ಗಂಜಿ ಬಡಿಸುತ್ತಾ. "ನಾಡಿದ್ದೇ ಭಾನುವಾರ. ಈ ಕೂಸನ್ನ ಎತ್ಕೊಂಡು ಎಲ್ಲಿಗೆ ಹೋಗೋಣ? ನಮ್ಮಣ್ಣನ ಮೇಕೆ ಜೊತೆ ಕೊಟ್ಟಿಗೇಲಿ ಮಲಗೋಣ್ವಾ?"

"ಪರೀಕ್ಷೆ ಅಂದ್ರೆ ಕೈ ನಡುಗ್ತದೆ ಸೂಸಿ."

"ನಡುಗಿಸ್ಕೊಂಡೇ ಪಾಸು ಮಾಡ್ಕೊಂಡು ಬನ್ನಿ," ಎಂದು ಅವಳು ಮುಖ ತಿರುಗಿಸಿದಳು. ಅತ್ತಳೋ ಏನೋ, ಇನ್ನಾಸಪ್ಪನಿಗೆ ನೋಡುವ ಧೈರ್ಯವಾಗಲಿಲ್ಲ.

ಎಂಟು ಗಂಟೆಗೆ ವಠಾರದ ಅಂಗಳದಲ್ಲಿ ವೆಂಕಟಸುಬ್ಬಯ್ಯನವರು ಜರಿಪೇಟ, ಮುಚ್ಚುಕೋಟು ಧರಿಸಿ ನಿಂತಿದ್ದರು. ಅರಮನೆಯ ಕಚೇರಿಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಪರೀಕ್ಷೆ ಮಾಡದೆ ಬೆಕ್ಕನ್ನೂ ಮನೆಗೆ ಸೇರಿಸದ ಆಸಾಮಿ. ಅವರ ಮುಂದೆ ಇನ್ನಾಸಪ್ಪನಲ್ಲದೆ ಇನ್ನೊಬ್ಬ ಉಮೇದುವಾರನೂ ಇದ್ದ: ನಂಜನಗೂಡಿನ ಕಡೆಯ ಸಿದ್ದರಾಜು. ಗಿರಿಜಾ ಮೀಸೆ, ಬಾಯಿತುಂಬ ಎಲೆಯಡಿಕೆ, ಮುಖದಲ್ಲಿ ಒಂದಿಷ್ಟೂ ಚಿಂತೆಯಿಲ್ಲ.

"ಕೇಳಿ ಇಬ್ರೂ," ಎಂದರು ವೆಂಕಟಸುಬ್ಬಯ್ಯನವರು. "ಎರಡು ಖಾಲಿ ಮನೆಗೂ ಒಂದೇ ಕಾಯಿಲೆ. ನಲ್ಲಿ ಸೋರುತ್ತೆ, ಮುಂಬಾಗಿಲು ಜೋತು ಬಿದ್ದಿದೆ, ಸೂರಲ್ಲಿ ಒಂದು ಹೆಂಚು ಒಡೆದಿದೆ. ಪೂರ್ವದ ಮನೆ ಇನ್ನಾಸಪ್ಪಂದು, ಪಶ್ಚಿಮದ್ದು ಸಿದ್ದರಾಜುದು. ತಲಾ ಒಂದು ಹೆಂಚು, ನಲ್ಲಿಗೆ ಒಂದು ತೊಗಲಿನ ಬಿಲ್ಲೆ, ಬಾಗಿಲಿಗೆ ಆರು ತಿರುಪು ಮೊಳೆ ಕೊಡ್ತೀನಿ. ಅದರ ಮೇಲೆ ಒಂದು ಗುಂಡುಸೂಜಿನೂ ಕೊಡಲ್ಲ. ಸಾಯಂಕಾಲ ಐದಕ್ಕೆ ಬಂದು ನೋಡ್ತೀನಿ."

ಹೊರಟವರು ಗೇಟಿನ ಹತ್ತಿರ ನಿಂತು ಒಂದು ಮಾತು ಸೇರಿಸಿದರು. "ಆಮೇಲೆ ಬಾಡಿಗೆಯವರನ್ನೂ ಒಂದು ಮಾತು ಕೇಳ್ತೀನಿ."

ಆ ಒಂದು ಮಾತು ಇನ್ನಾಸಪ್ಪನ ಎದೆಗೆ ಕಲ್ಲಿನ ಹಾಗೆ ಬಿತ್ತು. ಬಾಡಿಗೆಯವರೂ ಪರೀಕ್ಷಕರೇ! ಅವರಲ್ಲಿ ಯಾರೊಬ್ಬರಿಗೆ ಬೇಸರವಾದರೂ ತನ್ನ ಕೂಸು ಕೊಟ್ಟಿಗೆಯಲ್ಲೇ.

ಮೊದಲು ಹೆಂಚಿನ ಕೆಲಸ ಮುಗಿಸೋಣವೆಂದು ಏಣಿ ಹತ್ತಿದ. ಹೊಸ ಹೆಂಚನ್ನು ಕಂಕುಳಲ್ಲಿ ಹಿಡಿದು ಇನ್ನೂ ಸೂರಿನ ಮೇಲೆ ಕಾಲಿಟ್ಟಿದ್ದಾನೆ, ಪಕ್ಕದ ಮನೆಯ ಹಿತ್ತಿಲಿಂದ ಕೂಗು ಬಂತು.

"ಏನಪ್ಪಾ ಮೇಸ್ತ್ರಿ! ಇಲ್ಲಿ ಸ್ವಲ್ಪ ನೋಡಪ್ಪಾ!"

ಅಲಮೇಲಮ್ಮನವರು. ಅರವತ್ತು ದಾಟಿದ, ಮೂರು ಹೊತ್ತೂ ಮಡಿಯಲ್ಲಿರುವ ಹೆಂಗಸು.

"ನಮ್ಮ ಅಡುಗೆಮನೆ ಸೂರು ಸೋರುತ್ತೆ. ಸರಿಯಾಗಿ ಒಲೆ ಮೇಲೇ ತೊಟ್ಟಿಕ್ಕುತ್ತೆ. ನೀನೇನೂ ಒಳಗೆ ಬರೋದು ಬೇಡ, ಮಡಿ ಕಣಪ್ಪ. ಮೇಲಿಂದಲೇ ನೋಡಿಬಿಡು."

"ಮೇಲಿಂದ ನೋಡಿದ್ರೆ ಎಲ್ಲ ಹೆಂಚೂ ಒಂದೇ ಥರ ಕಾಣ್ತದೆ ಅಮ್ಮಾ. ಯಾವ್ದು ಅಂತ ಗೊತ್ತಾಗ್ಬೇಕಲ್ಲ?"

"ಅದಕ್ಕೇನು? ನಾನು ಒಳಗಿಂದ ತೋರಿಸ್ತೀನಿ, ತಾಳು."

ಆಕೆ ಒಳಗೆ ಹೋಗಿ ಮಡಿಕೋಲು ತಂದರು. ಮಡಿಬಟ್ಟೆಯನ್ನು ಗಳದ ಮೇಲಿಂದ ತೆಗೆಯುವ ಆ ಉದ್ದನೆಯ ಕೋಲಿನಿಂದ ಸೂರನ್ನು ಕೆಳಗಿನಿಂದ ತಿವಿಯತೊಡಗಿದರು. "ಇದಲ್ಲ... ಇದೂ ಅಲ್ಲ... ಹಾಂ, ಇದು ಕಣಪ್ಪಾ, ಇದೇ!" ಎಂದು ಉತ್ಸಾಹದಿಂದ ಒಂದು ತಿವಿತ ತಿವಿದರು. ಬಿರುಕು ಬಿಟ್ಟಿದ್ದ ಹೆಂಚು ಎರಡು ಹೋಳಾಗಿ ನೇರವಾಗಿ ಕುದಿಯುವ ಹುಳಿಯ ಪಾತ್ರೆಗೆ ಬಿತ್ತು.

"ಅಯ್ಯಯ್ಯೋ! ನನ್ನ ಹುಳಿ! ಏನಪ್ಪಾ ಮಾಡಿಬಿಟ್ಟೆ ನೀನು?"

ಮಾಡಿದ್ದು ಯಾರು ಎಂದು ವಾದಿಸುವ ಎದೆ ಇನ್ನಾಸಪ್ಪನಿಗೆ ಎಲ್ಲಿಂದ ಬರಬೇಕು? ಸೂರಿನಲ್ಲಿ ಈಗ ದೊಡ್ಡ ಕಿಂಡಿ. ಅದರೊಳಗಿಂದ ಅಲಮೇಲಮ್ಮನವರು ಕಣ್ಣಲ್ಲಿ ನೀರು ತುಂಬಿಕೊಂಡು ಮೇಲೆ ನೋಡುತ್ತಿದ್ದಾರೆ. ಈ ಕಣ್ಣೀರು ಸಾಯಂಕಾಲ ಯಜಮಾನರ ಮುಂದೆಯೂ ಹರಿದರೆ ಗತಿಯೇನು? ಕಂಕುಳಲ್ಲಿದ್ದ ಪರೀಕ್ಷೆಯ ಹೆಂಚನ್ನು ಆ ಕಿಂಡಿಗೆ ಕೂರಿಸಿಬಿಟ್ಟ.

ಹೋಗಲಿ, ನಲ್ಲಿ ಮತ್ತು ಬಾಗಿಲಾದರೂ ಸರಿಯಾಗಲಿ ಎಂದು ಇಳಿದರೆ, ಏಣಿಯ ಬುಡದಲ್ಲಿ ನಡುಮನೆಯ ವೇದವತಿ ಕಾಯುತ್ತಿದ್ದಳು. ಇಪ್ಪತ್ತರ ಹುಡುಗಿ, ಸೊಂಟದ ಮೇಲೆ ಮಗು.

"ಅಣ್ಣಾ, ನಮ್ಮ ಬಚ್ಚಲಮನೆ ನಲ್ಲಿ ರಾತ್ರಿಯೆಲ್ಲ ಟಪ್ ಟಪ್ ಅನ್ನುತ್ತೆ. ಮಗು ನಿದ್ದೇನೇ ಮಾಡಲ್ಲ. ಅಲ್ಲಿದ್ದಾರಲ್ಲ, ಆ ಮೀಸೆಯವರನ್ನ ಕೇಳಿದೆ. 'ಆಗಲ್ಲ, ಹೋಗಮ್ಮ' ಅಂತ ಅಂದುಬಿಟ್ರು."

ಇನ್ನಾಸಪ್ಪ ಅಂಗಳದಾಚೆ ನೋಡಿದ. ಸಿದ್ದರಾಜು ಪಶ್ಚಿಮದ ಮನೆಯ ಜಗಲಿಯ ಮೇಲೆ ಟವಲು ಹಾಸಿಕೊಂಡು ಕಾಲು ಚಾಚಿದ್ದ. ಇವನಿಗೆ ಒಳಗೊಳಗೇ ಸಂತೋಷವಾಯಿತು. ಅಯ್ಯೋ ಹುಚ್ಚಪ್ಪಾ, ಬಾಡಿಗೆಯವರನ್ನೇ ಬೈದುಬುಟ್ಟೆಯಲ್ಲೋ, ಕೆಟ್ಟೆ ನೀನು ಎಂದುಕೊಂಡ.

ವೇದವತಿಯ ನಲ್ಲಿ ಬಿಚ್ಚಿದರೆ ಒಳಗಿನ ಬಿಲ್ಲೆ ಕೊಳೆತು ಹಪ್ಪಳವಾಗಿತ್ತು. ಜೇಬಿನಲ್ಲಿ ಪರೀಕ್ಷೆಯ ಬಿಲ್ಲೆ ಒಂದೇ ಒಂದು. ಇನ್ನಾಸಪ್ಪ ಅದನ್ನು ತೆಗೆದ, ಮತ್ತೆ ಒಳಗಿಟ್ಟ, ಮತ್ತೆ ತೆಗೆದ. ಅಷ್ಟರಲ್ಲಿ ಆ ಮಗು ಕಿರ್ರೆಂದು ಅತ್ತಿತು. ತನ್ನ ಕೂಸೇ ಅತ್ತ ಹಾಗಾಯಿತು ಅವನಿಗೆ. ಬಿಲ್ಲೆ ವೇದವತಿಯ ನಲ್ಲಿಗೆ ಹೋಯಿತು.

ಅಲ್ಲಿಂದ ಹೊರಗೆ ಬರುವಷ್ಟರಲ್ಲಿ ಮೂರನೆಯ ಬಾಡಿಗೆಯವರಾದ ದೊರೆಸ್ವಾಮಿ ಮೇಷ್ಟ್ರು ಕೈಹಿಡಿದರು. ಸ್ಕೂಲು ಬಿಟ್ಟು ಹತ್ತು ವರ್ಷವಾಗಿದ್ದರೂ ಊರೆಲ್ಲ ತಮ್ಮ ಶಿಷ್ಯರೇ ಎಂಬ ಭಾವನೆ ಅವರದು.

"ಬಾರಯ್ಯ ಬಾ. ಎರಡು ಮನೆಗೆ ಮಾಡಿದವನು ನಮಗೆ ಮಾಡಲ್ಲ ಅಂದ್ರೆ ಪಕ್ಷಪಾತ ಆಗುತ್ತೆ. ನಮ್ಮ ಪುಸ್ತಕದ ಬೀರು ಬಾಗಿಲು ಕಳಚಿ ಬಂದಿದೆ. ಆಮೇಲೆ ಈ ಗಡಿಯಾರ ಸ್ವಲ್ಪ ಗೋಡೆಗೆ ಹಾಕಿಕೊಡು. ಸಾಯಂಕಾಲ ಕೇಳಿದ್ರೆ ಯಜಮಾನರಿಗೆ ನಾನೂ ಒಂದು ಮಾತು ಹೇಳ್ಬೇಕಲ್ಲ?"

ಇದು ಬೆದರಿಕೆಯೋ ಭರವಸೆಯೋ ತಿಳಿಯದೆ ಇನ್ನಾಸಪ್ಪ ಬೆವರಿದ. ಬೀರುವಿನ ಕೀಲುಗಳಿಗೆ ಆರು ತಿರುಪು ಮೊಳೆಯೂ ಹೋದವು. ಗಡಿಯಾರ ಗೋಡೆಯೇರಿತು. ನಿಂತಿದ್ದ ಮುಳ್ಳನ್ನು ಮೇಷ್ಟ್ರು ಬೆರಳಿನಿಂದ ತಿರುಗಿಸಿದರು.

"ಈಗ ಎಷ್ಟು ಗಂಟೆ ಮೇಷ್ಟ್ರೇ?"

"ಎರಡು ಅಂತ ಇಟ್ಟಿದ್ದೀನಿ."

ಎರಡೇ! ಹಾಗಾದರೆ ಇನ್ನೂ ಮೂರು ಗಂಟೆ ಸಮಯವಿದೆ. ಇನ್ನಾಸಪ್ಪನ ಜೀವ ಸ್ವಲ್ಪ ತಣ್ಣಗಾಯಿತು. ಹೊರಗೆ ಬಂದವನನ್ನು ನೋಡಿ ಸಿದ್ದರಾಜು ಆಕಳಿಸಿ ಎದ್ದು ಕೂತ.

"ಏನಣ್ಣಾ, ನಿಂದು ಮುಗೀತಾ? ಈಗ್ತಾನೆ ನಾಲ್ಕು ಒಡೀತು. ನಾನೂ ಶುರು ಹಚ್ಕೋಬೇಕು."

"ನಾಲ್ಕಾ? ಎರಡಲ್ವಾ? ಮೇಷ್ಟ್ರು ಗಡಿಯಾರದಲ್ಲಿ..."

"ಮೇಷ್ಟ್ರು ಗಡಿಯಾರ ಕಟ್ಕೊಂಡು ಏನ್ ಮಾಡೀಯಾ? ನೆಳ್ಳು ನೋಡು ನೆಳ್ಳು!"

ನೆರಳು ಅಂಗಳದ ಅರ್ಧಕ್ಕೆ ಬಂದಿತ್ತು. ಮೇಷ್ಟ್ರು ಅಂದಾಜಿನ ಮೇಲೆ ಮುಳ್ಳು ತಿರುಗಿಸಿದ್ದರು! ಮೂರು ಕೆಲಸ ಬಾಕಿ. ಹೆಂಚಿಲ್ಲ, ಬಿಲ್ಲೆಯಿಲ್ಲ, ಮೊಳೆಯಿಲ್ಲ. ಇರುವುದು ಒಂದೇ ಗಂಟೆ. ಇನ್ನಾಸಪ್ಪನ ಕಣ್ಣಿಗೆ ಕತ್ತಲೆ ಕಟ್ಟಿ, ಆ ಕತ್ತಲೆಯಲ್ಲೂ ಎರಡು ಮೇಕೆ ಕಂಡವು.

"ಮಾತಾಯೇ, ಕೈಬಿಡಬೇಡಮ್ಮಾ," ಎಂದು ಶಿಲುಬೆ ಗುರುತು ಹಾಕಿಕೊಂಡು ಓಡಿದ.

ಆ ಒಂದು ಗಂಟೆ ಅವನು ದುಡಿದ ರೀತಿ ಇದೆಯಲ್ಲ, ಅದನ್ನು ನೋಡಬೇಕಿತ್ತು. ಬಲಗಾಲಿನ ಚಪ್ಪಲಿ ಕಳಚಿ, ಹಿಮ್ಮಡಿಯ ತೊಗಲನ್ನು ಉಳಿಯಿಂದ ದುಂಡಗೆ ಕತ್ತರಿಸಿ ನಲ್ಲಿಗೆ ಬಿಲ್ಲೆ ಮಾಡಿದ. ತನ್ನ ಸಾಮಾನಿನ ಪೆಟ್ಟಿಗೆಯ ಕೀಲು ಬಿಚ್ಚಿ ಅದರ ಮೊಳೆಗಳನ್ನು ಮುಂಬಾಗಿಲಿಗೆ ಬಡಿದ. ಪೆಟ್ಟಿಗೆಯ ಮುಚ್ಚಳ ಒಂದು ಕಡೆ, ಪೆಟ್ಟಿಗೆ ಒಂದು ಕಡೆಯಾಯಿತು. ಏಣಿ ಹತ್ತಿ, ಗೋಡೆಯಾಚೆ ಸುಮ್ಮನೆ ಚಾಚಿಕೊಂಡಿದ್ದ ಸೂರಿನ ತುದಿಯಿಂದ ಒಂದು ಹೆಂಚು ಎಳೆದು ಒಡೆದ ಜಾಗಕ್ಕೆ ಕೂರಿಸಿದ. ಕೆಳಗಿಳಿದಾಗ ಮೊಣಕೈ ತರಚಿತ್ತು, ಮುಖವೆಲ್ಲ ಅಲಮೇಲಮ್ಮನವರ ಅಡುಗೆಮನೆ ಸೂರಿನ ಮಸಿ. ಗೇಟು ಕಿರ್ರೆಂದಿತು. ಐದು ಗಂಟೆ.

ವೆಂಕಟಸುಬ್ಬಯ್ಯನವರು ಮೊದಲು ಪಶ್ಚಿಮದ ಮನೆಗೆ ಹೋದರು. ನಲ್ಲಿಗೆ ಸಿದ್ದರಾಜು ಒಂದು ಚಿಂದಿ ಬಟ್ಟೆ ಸುತ್ತಿದ್ದ, ಅದರಿಂದಲೂ ನೀರು ಸೋರುತ್ತಿತ್ತು. ಬಾಗಿಲಿಗೆ ಒಂದು ಕಲ್ಲು ಒತ್ತಿಟ್ಟಿದ್ದ. ಹೊಸ ಹೆಂಚು ಇನ್ನೂ ಜಗಲಿಯ ಮೇಲೆಯೇ ಇತ್ತು. ಮಧ್ಯಾಹ್ನ ಅದೇ ಅವನಿಗೆ ತಲೆದಿಂಬಾಗಿತ್ತು.

ಆಮೇಲೆ ಪೂರ್ವದ ಮನೆ. ನಲ್ಲಿ ತಿರುಗಿಸಿದರು, ನಿಲ್ಲಿಸಿದರು. ಒಂದು ಹನಿ ಬೀಳಲಿಲ್ಲ. ಬಾಗಿಲನ್ನು ಕಿರುಬೆರಳಿನಿಂದ ನೂಕಿದರು, ಸದ್ದಿಲ್ಲದೆ ಮುಚ್ಚಿಕೊಂಡಿತು. ಸೂರು ನೋಡಿದರು. "ಭೇಷ್!" ಎಂದರು. "ಅಚ್ಚುಕಟ್ಟು ಅಂದ್ರೆ ಇದು."

ಇನ್ನಾಸಪ್ಪ ಬಲಗಾಲನ್ನು ಎಡಗಾಲಿನ ಹಿಂದೆ ಅಡಗಿಸಿಕೊಂಡು ನಿಂತ. ಇನ್ನು ಬಾಡಿಗೆಯವರ ಮಾತೊಂದು ಬಾಕಿ.

ಅವರನ್ನು ಅಂಗಳಕ್ಕೆ ಕರೆಸಿದ್ದಾಯಿತು. ಕರೆಯುವ ಮೊದಲೇ ಬಂದು ನಿಂತಿದ್ದರು ಅನ್ನಿ.

"ಮನುಷ್ಯನಲ್ಲ, ದೇವರಂಥವನು!" ಎಂದರು ಅಲಮೇಲಮ್ಮನವರು. "ಹೇಳ್ದ ತಕ್ಷಣ ನಮ್ಮ ಸೂರು ಸರಿಮಾಡಿಕೊಟ್ಟ. ಹುಳಿ ಹೋದ್ರೂ ಚಿಂತೆಯಿಲ್ಲ."

"ನಮ್ಮ ನಲ್ಲಿ ಈಗ ತೊಟ್ಟೂ ಸೋರಲ್ಲ. ಈ ಅಣ್ಣನೇ ಇರ್ಲಿ," ಎಂದಳು ವೇದವತಿ.

"ಇವನಿಗೆ ನಾನು ನೂರಕ್ಕೆ ನೂರು ಕೊಡ್ತೀನಿ. ಆ ಮೀಸೆಯವನಿಗೆ ಸೊನ್ನೆ," ಎಂದರು ಮೇಷ್ಟ್ರು. "ಏನು ಕೇಳಿದ್ರೂ 'ಆಗಲ್ಲ' ಅಂತಾನೆ. ಒರಟ. ಬಾಡಿಗೆದಾರರು ಅಂದ್ರೆ ಮರ್ಯಾದೇನೇ ಇಲ್ಲ."

ಇನ್ನಾಸಪ್ಪನ ಕಣ್ಣು ತುಂಬಿ ಬಂತು. ಮನಸ್ಸಿನಲ್ಲೇ ಪೂರ್ವದ ಮನೆಯ ತೊಲೆಗೆ ತೊಟ್ಟಿಲು ಕಟ್ಟಿದ. ಕೂಸನ್ನು ಮಲಗಿಸಿದ. ಸೂಸಮ್ಮ ಜಗಲಿಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು.

ವೆಂಕಟಸುಬ್ಬಯ್ಯನವರು ಎಲ್ಲರ ಮಾತನ್ನೂ ಸಾವಧಾನವಾಗಿ ಕೇಳಿ, ಪೇಟ ಸರಿಮಾಡಿಕೊಂಡರು.

"ಸಿದ್ದರಾಜು, ಬಾಯ್ಯ ಇಲ್ಲಿ. ಕೆಲಸ ನಿಂದು."

ಸಿದ್ದರಾಜು ಎಲೆಯಡಿಕೆ ಅಗಿಯುವುದನ್ನೇ ನಿಲ್ಲಿಸಿದ.

"ಸ್ವಾಮೀ," ಎಂದ ಇನ್ನಾಸಪ್ಪ. "ನನ್ನ ಕೆಲಸದಲ್ಲಿ ಏನು ತಪ್ಪಾಯ್ತು ಸ್ವಾಮಿ?"

"ಒಂದೂ ಇಲ್ಲ ಕಣಯ್ಯ. ನಿನ್ನಂಥ ಕೆಲಸಗಾರ ಈ ಊರಲ್ಲೇ ಇಲ್ಲ," ಎಂದು ಅವನನ್ನು ಗೇಟಿನ ಕಡೆಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದರು. "ನೋಡು, ಈ ಮೂರು ಮನೆಯವರು ಏಳು ವರ್ಷದಿಂದ ನನ್ನ ಪ್ರಾಣ ತಿಂತಿದ್ದಾರೆ. ಹೆಂಚು ಹಾಕ್ಸಿ, ನಲ್ಲಿ ಹಾಕ್ಸಿ, ಸುಣ್ಣ ಹೊಡೆಸಿ ಅಂತ. ನೀನು ಬಂದ್ರೆ ಒಂದೇ ವರ್ಷದಲ್ಲಿ ನನ್ನ ಖರ್ಚಲ್ಲಿ ವಠಾರಕ್ಕೆ ವಠಾರವೇ ಹೊಸದು ಮಾಡಿಸಿಬಿಡ್ತೀಯ! ನನಗೆ ಬೇಕಾಗಿದ್ದದ್ದು ಇವರಿಗೆಲ್ಲ ಆಗಲ್ಲ ಅಂತ ಹೇಳೋ ಒಬ್ಬ ಮನುಷ್ಯ. ಬೆಳಿಗ್ಗೆಯಿಂದ ಪರೀಕ್ಷೆ ಮಾಡಿದ್ದೇ ಅದನ್ನ."

ಅಷ್ಟರಲ್ಲಿ ಸಿದ್ದರಾಜು ತಲೆ ಕೆರೆದುಕೊಳ್ಳುತ್ತಾ ಬಂದ. "ಬುದ್ದೀ, ಪಶ್ಚಿಮದ ಮನೆ ಬ್ಯಾಡ. ನಲ್ಲಿ ಸೋರ್ತದೆ, ಬಾಗಿಲೂ ಆಕಕ್ಕಾಗಲ್ಲ."

"ಪೂರ್ವದ್ದು ತೊಗೊಳ್ಳಯ್ಯ. ಅಲ್ಲಿ ಎಲ್ಲಾ ಸರಿಯಾಗಿದೆ," ಎಂದು ವೆಂಕಟಸುಬ್ಬಯ್ಯನವರು ಬೀಗದ ಕೈ ಅವನ ಕೈಗೆ ಹಾಕಿ ಹೊರಟುಹೋದರು.

ಇನ್ನಾಸಪ್ಪ ಮುಚ್ಚಳವಿಲ್ಲದ ಪೆಟ್ಟಿಗೆಯ ಪಕ್ಕದಲ್ಲಿ ಕುಸಿದು ಕೂತು ಅತ್ತುಬಿಟ್ಟ. ಸೂಸಿಗೆ ಏನೆಂದು ಹೇಳುವುದು? ಎಲ್ಲರೂ ಹೊಗಳಿದರು, ಅದಕ್ಕೇ ಕೆಲಸ ಹೋಯಿತು ಅಂದರೆ ಯಾವ ಹೆಂಡತಿ ನಂಬುತ್ತಾಳೆ?

ಬಾಡಿಗೆಯವರಿಗೂ ಕರುಳು ಚುರುಕ್ಕೆಂದಿತು. ಮೇಷ್ಟ್ರು ಲೋಕದಲ್ಲಿ ನ್ಯಾಯವಿಲ್ಲವೆಂದರು. ವೇದವತಿ ಕುಡಿಯಲು ನೀರು ತಂದುಕೊಟ್ಟಳು. ಅಲಮೇಲಮ್ಮನವರು ಮಡಿಯಾದ್ದರಿಂದ ಐದು ಮಾರು ದೂರ ನಿಂತೇ ಲೊಚಗುಟ್ಟಿದರು.

"ಅಳಬೇಡ ಕಣಪ್ಪಾ. ಕೆಲಸ ಸಿಕ್ಕದಿದ್ರೆ ಹೋಗ್ಲಿ ಬಿಡು. ನಾಳೆ ಹೇಗಿದ್ರೂ ನಿನಗೆ ಬಿಡುವೇ ಅಲ್ವಾ? ನಮ್ಮ ಹಿತ್ತಿಲ ಬಾಗಿಲು ಒಂದಿಷ್ಟು ನೋಡಿಬಿಡ್ತೀಯಾ?"

"ಹಾಗೇ ನಮ್ಮ ಕಿಟಕಿ..." ಎಂದರು ಮೇಷ್ಟ್ರು.

ಇನ್ನಾಸಪ್ಪ ಎದ್ದು ನಿಂತು, ಮಸಿಯ ಕೈಯಿಂದಲೇ ಕಣ್ಣೊರೆಸಿಕೊಂಡ.

"ಹಾಗಾದ್ರೆ ಏಣಿ ಇಲ್ಲೇ ಬಿಟ್ಟು ಹೋಗ್ತೀನಿ ಅಮ್ಮಾ," ಎಂದ.