ಪ್ರಿಂಟರ್ ಏನೋ ಹೇಳುತ್ತಿತ್ತು

ಗೊತ್ತಿಲ್ಲ ಎಂಬುದು ಮೂರೇ ಅಕ್ಷರದ ಮಾತು. ಒತ್ತಕ್ಷರ ಎರಡಿದ್ದರೂ ನಾಲಿಗೆ ತೊಡರುವುದಿಲ್ಲ. ಆದರೂ ಐವತ್ತೆರಡು ವರ್ಷದ ನನ್ನ ಆಯುಷ್ಯದಲ್ಲಿ ಅದನ್ನು ಹೇಳಬೇಕಾದ ಹೊತ್ತಿಗೆ ಹೇಳಿದ ನೆನಪು ನನಗಿಲ್ಲ. ಯಾರಾದರೂ ಬೀದಿಯಲ್ಲಿ ನಿಲ್ಲಿಸಿ ದಾರಿ ಕೇಳಿದರೆ, ಆ ವಿಳಾಸದ ಗಂಧಗಾಳಿ ಇಲ್ಲದಿದ್ದರೂ, 'ಸ್ವಲ್ಪ ಮುಂದ್ಹೋಗಿ ಎಡಕ್ಕ ಹೊಳ್ರಿ' ಎಂದುಬಿಡುತ್ತೇನೆ. ಹಾಗೆ ನಾನು ಎಡಕ್ಕೆ ಹೊರಳಿಸಿದ ಜನ ಇನ್ನೂ ಎಲ್ಲೆಲ್ಲಿ ಹೊರಳುತ್ತಿದ್ದಾರೋ ತಿಳಿಯದು.

ನಾನು ಯಾದಗಿರಿಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಮನೆ ಶಹಾಪುರದಲ್ಲಿ. ದಿನವೂ ಬಸ್ಸಿನಲ್ಲಿ ಭೀಮಾ ಸೇತುವೆ ದಾಟಿ ಬಂದು, ಹಳಗನ್ನಡದ ಪದ್ಯಗಳ ಅನ್ವಯ ಬಿಡಿಸಿ, ಮತ್ತೆ ಸೇತುವೆ ದಾಟಿ ಹೋಗುವುದು ನನ್ನ ಕೆಲಸ. ಇಂಥವನಿಗೂ ಕಂಪ್ಯೂಟರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಒಮ್ಮೆ ಆಫೀಸಿನ ಕಂಪ್ಯೂಟರ್ ಅಲ್ಲಾಡದೆ ನಿಂತುಬಿಟ್ಟಿತ್ತು. ಎಲ್ಲರೂ ಸುತ್ತ ನಿಂತು ನೋಡುತ್ತಿದ್ದರು. ನಾನು ಸುಮ್ಮನಿರಲಾರದೆ ಗೋಡೆಯ ಸ್ವಿಚ್ ಆರಿಸಿ ಮತ್ತೆ ಹಾಕಿದೆ. ಅದು ಎದ್ದು ಕೂತಿತು. ಅಂದಿನಿಂದ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಬಲ್ಲವನಾದೆ. ಹಾಗೆ ಸಿಕ್ಕ ಬಿರುದನ್ನು ಬೇಡವೆನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಆ ಬಿರುದಿನ ಬಲದ ಮೇಲೆಯೇ ಎರಡು ದಿನದ ಒಂದು ತರಬೇತಿಗೆ ನನ್ನನ್ನು ಕಳಿಸಿದರು. ಲಿನಕ್ಸ್ ಎಂಬುದು ಕಂಪ್ಯೂಟರನ್ನು ನಡೆಸುವ ಮುಕ್ತ ತಂತ್ರಾಂಶ, ಅದನ್ನು ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು ಎಂದು ಅಲ್ಲಿ ಹೇಳಿದರು. ವೈರಸ್ಸಿನ ಕಾಟವೂ ಕಡಿಮೆ ಎಂದರು. ನಮ್ಮ ಆಫೀಸಿನ ಕಡತಗಳನ್ನು ವೈರಸ್ ತಿಂದು ಮುಗಿಸಿದ್ದ ಕಾಲ ಅದು. ಪೆನ್‌ಡ್ರೈವಿನಲ್ಲಿ ಲಿನಕ್ಸ್ ತಂದು ಒಂದೇ ಮಧ್ಯಾಹ್ನದಲ್ಲಿ ಹಾಕಿ ಮುಗಿಸಿದೆ. ಪರದೆಯ ಮೇಲೆ ನೀಲಿ ಬೆಟ್ಟದ ಚಿತ್ರ ಮೂಡಿತು. ಎಲ್ಲರೂ ಬಂದು ನೋಡಿ ಹೋದರು. ಕಡತ ಬರೆಯಬಹುದಿತ್ತು, ಉಳಿಸಬಹುದಿತ್ತು. ಅದನ್ನು ಕಾಗದದ ಮೇಲೆ ಇಳಿಸಬೇಕಾಗುತ್ತದೆ ಎಂಬ ಸಂಗತಿ ಮಾತ್ರ ಒಂದು ವಾರ ಯಾರಿಗೂ ಹೊಳೆಯಲಿಲ್ಲ.

ಅದನ್ನು ಹೊಳೆಯಿಸಿದವಳು ಮುದನಾಳದ ಸಾವಿತ್ರಿ. ನಮ್ಮಲ್ಲೇ ಓದಿ ಪಾಸಾದ ಹುಡುಗಿ. ಕಲಬುರಗಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಅಂದೇ ಸೇರಲು ಕೊನೆಯ ದಿನ, ನಾಲ್ಕು ಗಂಟೆಯೊಳಗೆ ಕಾಗದಪತ್ರ ಕೊಡಬೇಕು. ಉಳಿದದ್ದೆಲ್ಲ ಇತ್ತು, ನಮ್ಮ ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ ಒಂದೇ ಇರಲಿಲ್ಲ. ಕೈಬರಹದ್ದು ನಡೆಯುವುದಿಲ್ಲ ಎಂದು ಅಲ್ಲಿ ಮೊದಲೇ ಹೇಳಿದ್ದರಂತೆ. ಮಧ್ಯಾಹ್ನ ಒಂದು ಗಂಟೆಯ ಮೇಲೆ ಕಲಬುರಗಿಗೆ ಒಂದು ರೈಲಿತ್ತು. ಅವಳು ಅವ್ವನನ್ನು ಕರೆದುಕೊಂಡು ಆಫೀಸಿನ ಬಾಗಿಲಲ್ಲಿ ನಿಂತಾಗ ಗಡಿಯಾರ ಹನ್ನೊಂದು ತೋರಿಸುತ್ತಿತ್ತು.

ಆಫೀಸಿನ ಮುಖ್ಯಸ್ಥರು ರೆಹಾನಾ ಬೇಗಂ. ಈ ಕೆಲಸಕ್ಕೆ ಬರುವ ಮೊದಲು ಹತ್ತು ವರ್ಷ ಟೈಪಿಂಗ್ ಕಲಿಸುತ್ತಿದ್ದವರು. ಎರಡು ನಿಮಿಷದಲ್ಲಿ ಪ್ರಮಾಣಪತ್ರ ಟೈಪು ಮಾಡಿ ನನ್ನ ಕಡೆ ನೋಡಿದರು.

"ಸರ್, ಬರಿಯೋದು ಆತು. ಹೊರಗ ತಗಿಯೋದು ಹೆಂಗ್ರಿ?"

"ಐದು ನಿಮಿಷದ ಕೆಲಸರಿ" ಎಂದೆ.

ಅವರ ಮೇಜಿನ ಪಕ್ಕದಲ್ಲೇ ಹಳೆಯ ಪ್ರಿಂಟರ್ ಇತ್ತು. ಅದರ ವೈರನ್ನು ಕಂಪ್ಯೂಟರಿಗೆ ಚುಚ್ಚಿದೆ. ಇದು ಯಾವ ಪ್ರಿಂಟರ್ ಎಂದು ಕಂಪ್ಯೂಟರ್ ಕೇಳಿ, ಒಂದು ಉದ್ದನೆಯ ಪಟ್ಟಿ ಕೊಟ್ಟಿತು. ನಮ್ಮದರ ಹೆಸರು ಅದರಲ್ಲಿರಲಿಲ್ಲ. ಅದೇ ಮನೆತನದ್ದು ಇನ್ನೊಂದಿತ್ತು, ಕೊನೆಯ ಅಂಕಿ ಮಾತ್ರ ಬೇರೆ. ಅಣ್ಣನಿಗೆ ಹೇಳಿದರೆ ತಮ್ಮನಿಗೂ ಕೇಳಿಸೀತು ಎಂದು ಅದನ್ನೇ ಆರಿಸಿ ಪ್ರಮಾಣಪತ್ರ ಕಳಿಸಿದೆ. ಪ್ರಿಂಟರ್ ಗುರುಗುಟ್ಟಿ ಒಂದು ಹಾಳೆ ಹೊರಹಾಕಿತು. ಅದರ ನೆತ್ತಿಯ ಮೇಲೆ ಒಂದೇ ಸಾಲು. ಶೇಕಡಾ ಚಿಹ್ನೆ, ಆವರಣ, ನಕ್ಷತ್ರ, ಇಂಗ್ಲಿಷಿನ ಮುರುಕು ಅಕ್ಷರ. ಎರಡನೆಯ ಹಾಳೆ ಬಂತು. ಅದರಲ್ಲೂ ಒಂದು ಸಾಲು. ಮೂರನೆಯದು ಬಂತು. ಆಮೇಲೆ ಅದು ನಿಲ್ಲಲೇ ಇಲ್ಲ. ಸ್ವಿಚ್ ಆರಿಸಿದೆ. ನನ್ನ ಹೆಸರು ನಿಂತಿದ್ದೇ ಆ ಸ್ವಿಚ್ಚಿನ ಮೇಲೆ. ಮತ್ತೆ ಹಾಕಿದರೆ ಬಿಟ್ಟ ಕಡೆಯಿಂದಲೇ ಶುರುವಾಯಿತು.

ಅಟೆಂಡರ್ ಭೀಮವ್ವ ಹಾಳೆಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತಿದ್ದಳು. "ಸರ್, ಇದು ನೀವು ಹುಡುಗ್ರಿಗಿ ಹೇಳೋ ಹಳಗನ್ನಡ ಏನ್ರಿ?" ಎಂದು ಕೇಳಿದಳು. ಕುಹಕವೇನೂ ಇರಲಿಲ್ಲ, ನಿಜವಾಗಿಯೇ ಕೇಳಿದ್ದಳು. ಕೊನೆಗೆ ಅವಳೇ ಕಾಗದದ ತಟ್ಟೆಯನ್ನು ಎಳೆದು ತೆಗೆದಳು. ತಿನ್ನಲು ಏನೂ ಇಲ್ಲದೆ ಪ್ರಿಂಟರ್ ಸುಮ್ಮನಾಯಿತು.

"ಸರ್, ಹೊರಗ ಜೆರಾಕ್ಸ್ ಅಂಗಡ್ಯಾಗ ತಗಸೂಣೇನ್ರಿ?" ಎಂದರು ರೆಹಾನಾ ಮೇಡಂ. ಹತ್ತು ನಿಮಿಷ ಮೊದಲು ಹೇಳಿದ್ದರೆ ನಾನು ಸಿಟ್ಟಾಗುತ್ತಿದ್ದೆ. ಈಗ ಪೆನ್‌ಡ್ರೈವ್ ಹಿಡಿದು ಓಡಿದೆ. ಸಾವಿತ್ರಿಯೂ ಹಿಂದೆಯೇ ಬಂದಳು. ಅಂಗಡಿಯವನ ಕಂಪ್ಯೂಟರ್ ನಮ್ಮದಕ್ಕಿಂತ ಹಳೆಯದು. ನಮ್ಮ ಕನ್ನಡ ಲಿಪಿ ಅದರಲ್ಲಿರಲಿಲ್ಲ, ಕಡತ ತೆರೆದರೆ ಒಂದಕ್ಷರವೂ ಕಾಣಲಿಲ್ಲ. ಸಾವಿತ್ರಿ ಎಂದು ಇರಬೇಕಾದ ಕಡೆ ಖಾಲಿ ಚೌಕಗಳು. ಅವಳ ಅಪ್ಪನ ಹೆಸರಿನಲ್ಲಿ ಇನ್ನಷ್ಟು ಚೌಕಗಳು. ಅಂಗಡಿಯವನು ಕನ್ನಡಕ ಸರಿಮಾಡಿಕೊಂಡು, "ಪದಬಂಧ ಏನ್ರಿ ಸರ್? ಸುಳಿವು ಎಲ್ಲಿ ಅದಾವ್ರಿ?" ಎಂದ. ಸಾವಿತ್ರಿ ನಗಲಿಲ್ಲ. ಅವಳು ರಸ್ತೆಯಾಚೆಯ ಗಡಿಯಾರ ನೋಡುತ್ತಿದ್ದಳು. ಮರಳಿ ಬರುವಾಗ ಒಂದೇ ಮಾತು ಕೇಳಿದಳು.

"ಸರ್, ಆಗ್ತದಲ್ರಿ?"

"ಆಗ್ತದವ್ವಾ" ಎಂದೆ. ನನ್ನ ಜೀವನದ ಅನೇಕ ಎಡ ತಿರುವುಗಳಲ್ಲಿ ಇದೊಂದೇ ನನ್ನ ಎದೆಗೆ ಚುಚ್ಚಿತು. ಆ ಹುಡುಗಿ ನನ್ನ ಮಾತು ನಂಬಿದ್ದಳು.

ಉಳಿದದ್ದು ಪ್ರಿನ್ಸಿಪಾಲರ ಕೋಣೆಯ ಹೊಸ ಪ್ರಿಂಟರ್. ಅದಕ್ಕೆ ವೈರು ಚುಚ್ಚಬೇಕಿಲ್ಲ. ಕಾಲೇಜಿನ ನೆಟ್‌ವರ್ಕಿನಲ್ಲಿ ಇರುವುದರಿಂದ ಯಾವ ಕೋಣೆಯ ಕಂಪ್ಯೂಟರಿನಿಂದ ಬೇಕಾದರೂ ಕಳಿಸಬಹುದು ಎಂದು ತರಬೇತಿಯಲ್ಲಿ ಹೇಳಿದ್ದರು. ಆಶ್ಚರ್ಯವೆಂದರೆ ಲಿನಕ್ಸ್ ಅದನ್ನು ತಾನಾಗಿಯೇ ಹುಡುಕಿ, ಹೆಸರು ಸಮೇತ ಪರದೆಯ ಮೇಲೆ ತಂದು ನಿಲ್ಲಿಸಿತು. ಏನೇನೋ ಪ್ರಶ್ನೆ ಕೇಳಿತು. ಅವಸರದಲ್ಲಿ ಎಲ್ಲದಕ್ಕೂ ಮೊದಲ ಉತ್ತರವನ್ನೇ ಒತ್ತುತ್ತಾ ಹೋದೆ. 'ಕಳಿಸಲಾಗಿದೆ' ಎಂದಿತು. ಪ್ರಿನ್ಸಿಪಾಲರ ಕೋಣೆಗೆ ಓಡಿದೆ.

ಅಲ್ಲಿ ಸುರಪುರದ ಕಾಲೇಜಿನ ಪ್ರಿನ್ಸಿಪಾಲರು ಬಂದು ಕೂತಿದ್ದರು. ಇಬ್ಬರೂ ಏನೋ ಗಂಭೀರವಾಗಿ ಮಾತಾಡುತ್ತಿದ್ದರು. ನಾನು ಬಾಗಿಲು ತೆರೆದು, ಮೂಲೆಯ ಪ್ರಿಂಟರಿನ ಬಾಯಿ ನೋಡಿ, ಏನೂ ಇಲ್ಲದ್ದರಿಂದ ನಮಸ್ಕಾರ ಹೇಳಿ ಹೊರಬಂದೆ. ಆಫೀಸಿಗೆ ಹೋಗಿ ಇನ್ನೊಮ್ಮೆ ಕಳಿಸಿದೆ. ಮತ್ತೆ ಬಂದು ನೋಡಿ ನಮಸ್ಕಾರ ಹೇಳಿದೆ. ನಾಲ್ಕನೆಯ ನಮಸ್ಕಾರಕ್ಕೆ ನಮ್ಮ ಪ್ರಿನ್ಸಿಪಾಲರು ಮಾತು ನಿಲ್ಲಿಸಿದರು.

"ಏನರ ಹೇಳೋದದ ಏನ್ರಿ?"

"ಇಲ್ರಿ ಸರ್."

"ರಜಾ ಬೇಕೇನು?"

"ಇಲ್ರಿ ಸರ್."

"ಹಂಗಾದ್ರ ಚಹಾ ಕುಡದು ಹೋಗ್ರಿ" ಎಂದು ಕಪ್ಪು ಮುಂದಿಟ್ಟರು. ಬೇಡವೆನ್ನಲು ಧೈರ್ಯವಾಗದೆ, ಬಿಸಿ ಚಹಾವನ್ನು ನಿಂತಲ್ಲೇ ಕುಡಿದು, ಸುಟ್ಟ ನಾಲಿಗೆಯೊಂದಿಗೆ ಆಫೀಸಿಗೆ ಬಂದೆ. ಹನ್ನೆರಡೂಕಾಲು ಆಗಿತ್ತು. ಆಮೇಲೆ ನಾನು ಲೆಕ್ಕವಿಡದೆ ಒತ್ತಿದೆ. ಹಠ ಹಿಡಿದ ಬಾಗಿಲನ್ನು ತಟ್ಟುವಂತೆ ಒತ್ತಿದೆ. ಪ್ರತಿ ಸಲ ಒತ್ತಿದಾಗಲೂ ಪರದೆಯ ಮೂಲೆಯಲ್ಲಿ ಒಂದು ಸಣ್ಣ ಚೌಕ ಏಳುತ್ತಿತ್ತು. ಪ್ರತಿ ಸಲವೂ ಅದನ್ನು ಮುಚ್ಚುತ್ತಿದ್ದೆ.

"ಸರ್, ಅದರಾಗ ಏನೋ ಬರದದಲ್ರಿ" ಎಂದರು ರೆಹಾನಾ ಮೇಡಂ.

"ಅವು ಹಂಗ ಬರ್ತಿರ್ತಾವ್ರಿ ಮೇಡಂ."

"ಬರೀ ಸುಮ್ಮ ಯಾಕ ಬರ್ತಾವ್ರಿ? ಏನರ ಹೇಳಾಕತ್ತಿರಬೇಕು."

"ಅದು ಕಂಪ್ಯೂಟರಿನ ಭಾಷೆ, ನಮಗ ಸಂಬಂಧ ಇಲ್ರಿ."

ಮತ್ತೆ ಒತ್ತಿದೆ. ಚೌಕ ಎದ್ದಿತು. ಮುಚ್ಚಲು ಹೋದ ನನ್ನ ಕೈಯ ಮುಂದೆ ಅವರು ಅಡ್ಡಲಾಗಿ ಸ್ಕೇಲು ಹಿಡಿದರು. ಟೈಪಿಂಗ್ ಹುಡುಗಿಯರ ಬೆರಳು ತಿದ್ದಿ ಅಭ್ಯಾಸವಿದ್ದ ಕೈ ಅದು. "ಐದು ನಿಮಿಷ ಸಬೂರ್ ಮಾಡ್ರಿ ಸರ್" ಎಂದು ಕುರ್ಚಿ ಎಳೆದುಕೊಂಡು, ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ತಪ್ಪು ಹುಡುಕುವವರಂತೆ ಒಂದೊಂದೇ ಇಂಗ್ಲಿಷ್ ಪದವನ್ನು ಬಿಡಿಸಿ ಓದಿದರು. ಐದು ನಿಮಿಷ ಬೇಕಾಗಲಿಲ್ಲ. ಚೌಕದಲ್ಲಿ ಇದ್ದದ್ದು ಇಷ್ಟೇ: ಪ್ರಿಂಟರ್ ಕಾಯುತ್ತಿದೆ, ತಟ್ಟೆಯಲ್ಲಿ ಲೆಟರ್ ಅಳತೆಯ ಕಾಗದ ಇಡಿ.

"ಲೆಟರ್ ಅಂದ್ರ ಪತ್ರ ಏನ್ರಿ?" ಎಂದಳು ಭೀಮವ್ವ.

ಅದು ಅಮೆರಿಕದವರು ಬಳಸುವ ಕಾಗದದ ಅಳತೆ ಎಂದು ನನಗೆ ಆಗ ನೆನಪಾಯಿತು. ತರಬೇತಿಯಲ್ಲಿ ಹೇಳಿದ್ದರು. ಪ್ರಿಂಟರ್ ಸೇರಿಸುವಾಗ ಯಾವ ಅಳತೆ ಎಂದು ಕೇಳಿದ್ದಕ್ಕೆ ನಾನು ಮೊದಲ ಉತ್ತರ ಒತ್ತಿದ್ದೆ. ಪಾಪ, ಅದು ನಲವತ್ತು ನಿಮಿಷದಿಂದ ಅಮೆರಿಕದ ಕಾಗದಕ್ಕಾಗಿ ಕಾದು ಕೂತಿತ್ತು, ಕಾಯುತ್ತಿದ್ದೇನೆ ಎಂದು ಮತ್ತೆ ಮತ್ತೆ ವಿನಯದಿಂದ ತಿಳಿಸುತ್ತಲೂ ಇತ್ತು. 'ಪದ್ಯದಲ್ಲಿ ಒಂದು ಅಕ್ಷರ ಬಿಟ್ಟರೂ ಅರ್ಥ ಕೆಡುತ್ತದೆ' ಎಂದು ಇಪ್ಪತ್ತೈದು ವರ್ಷದಿಂದ ಮಕ್ಕಳನ್ನು ಗದರಿಸುತ್ತ ಬಂದವನು ನಾನು.

"ನಮ್ಮದು ಎ-ಫೋರ್ ಅಂತ ಬರಕೋ ಅಂದ್ರ ಬರಕೊಳ್ಳಂಗಿಲ್ಲೇನ್ರಿ ಅದು?" ಎಂದರು ಮೇಡಂ. ಬರೆದುಕೊಂಡಿತು. ಹೊಸದಾಗಿ ಒಮ್ಮೆ ಕಳಿಸಿದೆವು. ಮೊದಲು ಕಳಿಸಿದ್ದವು ಇನ್ನೂ ಸರದಿಯಲ್ಲಿ ನಿಂತಿದ್ದವು, ಅವನ್ನು ಅಳಿಸುವುದು ಹೇಗೆಂದು ನನಗೆ ತಿಳಿಯದು. ಹೇಗೂ ಅವು ಬೇರೆ ಅಳತೆಯವು, ಬರಲಾರವು ಎಂದು ಕಾರಿಡಾರಿನಲ್ಲಿ ಓಡಿದೆ.

ಕೋಣೆಯ ಹೊರಗಿನಿಂದಲೇ ಪ್ರಿಂಟರಿನ ಸದ್ದು ಕೇಳಿ ನನ್ನ ಕಣ್ಣು ತುಂಬಿತು. ಒಳಗೆ ಹೋದರೆ ಅದರ ಮುಂದೆ ನಮ್ಮ ಪ್ರಿನ್ಸಿಪಾಲರೇ ನಿಂತಿದ್ದರು. ಇಷ್ಟು ಹೊತ್ತು ಅದರ ಮೇಲೆ ಒಂದು ಕೆಂಪು ದೀಪ ಮಿನುಗುತ್ತಿತ್ತಂತೆ. ಅದು ಕಣ್ಣಿಗೆ ಚುಚ್ಚುತ್ತದೆಂದು ಅವರು ಎದ್ದು ಬಂದು ಅಲ್ಲಿದ್ದ ಗುಂಡಿಯೊಂದನ್ನು ಒತ್ತಿದ್ದರು. ಇದ್ದ ಕಾಗದದಲ್ಲೇ ನಡೆಸು ಎಂದು ಹೇಳುವ ಗುಂಡಿ ಅದು. ಅಮೆರಿಕದ ಸಾವಿತ್ರಿ, ಭಾರತದ ಸಾವಿತ್ರಿ, ಸರದಿಯಲ್ಲಿದ್ದವರೆಲ್ಲರೂ ಹೊರಬರತೊಡಗಿದರು. ಒಟ್ಟು ಹತ್ತೊಂಬತ್ತು.

ಪ್ರಿನ್ಸಿಪಾಲರು ಒಂದನ್ನು ಓದಿದರು, ಇನ್ನೊಂದನ್ನು ಓದಿದರು. "ಈ ಹುಡುಗಿ ನಮ್ಮಲ್ಲಿ ಎಷ್ಟು ಸಲ ಓದ್ಯಾಳ್ರಿ?" ಎಂದು ಕೇಳಿದರು. ಅಷ್ಟರಲ್ಲಿ ಭೀಮವ್ವ ಸೀಲು, ಪ್ಯಾಡು ತಂದು ಮೇಜಿನ ಮೇಲೆ ಹರಡಿದ್ದಳು. ರೈಲಿನ ವಿಷಯ ತಿಳಿದ ಮೇಲೆ ಅವರು ಮತ್ತೇನೂ ಕೇಳಲಿಲ್ಲ. ಯಾವುದು ಸರಿ ಅಳತೆಯದು ಎಂದು ಆರಿಸಲು ವ್ಯವಧಾನವಿಲ್ಲದೆ ಹತ್ತೊಂಬತ್ತಕ್ಕೂ ಸಹಿ ಹಾಕಿದರು. ಭೀಮವ್ವ ಹತ್ತೊಂಬತ್ತಕ್ಕೂ ಸೀಲು ಒತ್ತಿದಳು. ತಾಯಿ ಮಗಳು ಆ ಕಟ್ಟನ್ನು ಎದೆಗವುಚಿಕೊಂಡು ಆಟೊ ಹತ್ತಿದರು.

ಸಂಜೆ ಐದಕ್ಕೆ ಸಾವಿತ್ರಿಯ ಫೋನು ಬಂತು. ಸೀಟು ಆಯಿತು ಎಂದಳು. "ಮೂರು ಜೆರಾಕ್ಸ್ ಕೊಡು ಅಂದ್ರು ಸರ್. ನಾ ಒರಿಜಿನಲ್ಲೇ ಕೊಟ್ಟೆ. ಎಲ್ಲಾ ಒರಿಜಿನಲ್ ಏನಮ್ಮ ಅಂತ ಕೇಳಿದ್ರು. ಹೌದ್ರಿ, ನಮ್ಮ ಸರ್ ಭಾಳ ಮುತುವರ್ಜಿ ಮಾಡ್ಯಾರ ಅಂದೆ." ನಾನು ಅದನ್ನು ತಿದ್ದಲು ಹೋಗಲಿಲ್ಲ.

ಇದೆಲ್ಲವನ್ನೂ ಕೂತು ನೋಡಿದ ಸುರಪುರದ ಪ್ರಿನ್ಸಿಪಾಲರಿಗೆ ನಮ್ಮ ಮೇಲೆ ಅಪಾರ ಗೌರವ ಹುಟ್ಟಿತ್ತು. "ನಮ್ಮಲ್ಲಿ ಒಂದೂ ಬರಂಗಿಲ್ಲ, ನಿಮ್ಮಲ್ಲಿ ಹತ್ತೊಂಬತ್ತು ಬರ್ತಾವಲ್ರಿ. ನಮಗೂ ಹಾಕಿಕೊಡ್ರಿ" ಎಂದು ಬರಹೇಳಿದರು. ಮುಂದಿನ ಶನಿವಾರ ರೆಹಾನಾ ಮೇಡಂ ಮತ್ತು ನಾನು ಸುರಪುರಕ್ಕೆ ಹೋದೆವು. ಬಸ್ಸು ಇಳಿದಾಗ ಕೇಬಲ್ಲಿನ ಚೀಲ ಯಾರ ಕೈಯಲ್ಲಿತ್ತು ಎಂದು ಹೇಳಬೇಕಾಗಿಲ್ಲ. ಅಲ್ಲಿ ಕುರ್ಚಿಯಲ್ಲಿ ಅವರು ಕೂತರು, ನಾನು ಪಕ್ಕದಲ್ಲಿ ನಿಂತೆ. ಪ್ರತಿಯೊಂದು ಪ್ರಶ್ನೆಯನ್ನೂ ಅವರು ಗಟ್ಟಿಯಾಗಿ ಓದುವರು, ಆ ಪದದ ಅರ್ಥವೇನು ಎಂದು ಕೇಳುವರು, ನಾನು ಹೇಳುವೆನು, ಅವರು ಯೋಚಿಸಿ ಒತ್ತುವರು. ಊಟದ ಹೊತ್ತಿಗೆ ಅಲ್ಲಿಯ ನಾಲ್ಕೂ ಕಂಪ್ಯೂಟರುಗಳಿಂದ ಒಂದೇ ಪ್ರಿಂಟರಿಗೆ ಕಾಗದ ಹೋಗತೊಡಗಿತು, ಅದೂ ಕೇಳಿದಷ್ಟೇ.

ಹತ್ತು ದಿನದ ಮೇಲೆ ಸುರಪುರದಿಂದ ಒಂದು ಧನ್ಯವಾದ ಪತ್ರ ಬಂತು. ಅದೇ ಪ್ರಿಂಟರಿನಲ್ಲಿ, ಸರಿಯಾದ ಅಳತೆಯ ಹಾಳೆಯ ಮೇಲೆ ಸೊಗಸಾಗಿ ಮೂಡಿತ್ತು. ಶ್ರೀಮತಿ ರೆಹಾನಾ ಬೇಗಂ ಅವರ ತಾಂತ್ರಿಕ ಪರಿಣತಿಯನ್ನು ಮೂರು ಪ್ಯಾರಾ ಹೊಗಳಿ, ಕೊನೆಯ ಸಾಲಿನಲ್ಲಿ, 'ಮೇಡಂ ಅವರ ಚೀಲ ಹಿಡಿದುಕೊಂಡು ಬಂದಿದ್ದ ಸಹಾಯಕರಿಗೂ ನಮ್ಮ ಕೃತಜ್ಞತೆಗಳು' ಎಂದು ಬರೆದಿದ್ದರು. ಈ ಸಲ ನಾನು ಒಂದಕ್ಷರವನ್ನೂ ಬಿಡದೆ ಓದಿದೆ. ಅರ್ಥವೂ ಚೆನ್ನಾಗಿಯೇ ಆಯಿತು.