ಜೀಪಿನ ಮೂತಿಗೆ ಇನ್ನೆರಡು ದೀಪ

ಜೀಪಿಗೆ ದೀಪ ಕಟ್ಟುವ ಕೆಲಸದಲ್ಲಿ ಏನಾದರೂ ಒಂದು ಎಡವಟ್ಟು ಆಗದೆ ಸಂಜೆ ಆಗೋದಿಲ್ಲ.

ನಾನು ಹೆಚ್ಚು ಓದಿದವನಲ್ಲ. ಮಾತೂ ಕಡಿಮೆ. ಇದನ್ನೆಲ್ಲ ನಮ್ಮನೆಯವಳು ಹೇಳುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ತಲೆ ಆಡಿಸುತ್ತಿದ್ದೆ. ಅವಳು ಹೋಗಿ ವರ್ಷ ತುಂಬುತ್ತಾ ಬಂತು. ಮನೆಗೆ ಬಂದವರು ಈಗಲೂ ಆ ಜೀಪಿನ ವಿಷಯ ಹೇಳಿ ಅನ್ನುತ್ತಾರೆ. ನನಗೆ ಬಾಯಲ್ಲಿ ಬರೋದಿಲ್ಲ. ನಿಧಾನಕ್ಕೆ ಬರೆದರೆ ಬರುತ್ತೆ. ಬರೆದಿದ್ದೇನೆ.

ತಿಪ್ಪೆ

ಆಗ ಎರಡನೇ ಮಹಾಯುದ್ಧ ಮುಗಿದು, ಮಿಲಿಟರಿಯವರು ಬಿಟ್ಟ ಜೀಪುಗಳು ಹರಾಜಿನಲ್ಲಿ ಮೈಸೂರಿಗೆ ಬಂದಿದ್ದವು. ಕೊಂಡವರು ಕಾಫಿ ತೋಟದವರು, ಮರದ ಕಂಟ್ರಾಕ್ಟರುಗಳು. ಜೀಪಿಗೆ ಅದರದೇ ದೀಪ ಎರಡು ಇರುತ್ತವೆ. ಕಾಡುದಾರಿಗೆ ಅವು ಸಾಲವು. ಮುಂದಿನ ಬಂಪರಿನ ಮೇಲೆ ಇನ್ನೆರಡು ದೊಡ್ಡ ದೀಪ ಕೂರಿಸಿ, ಬ್ಯಾಟರಿಯಿಂದ ವೈರು ಎಳೆದು, ಸ್ವಿಚ್ಚು ಇಡಬೇಕು. ಅದು ನನ್ನ ಕೆಲಸ. ಬಸ್ಸಿನ ಕಂಪನಿಯಲ್ಲಿದ್ದ ನೌಕರಿ ಬಿಟ್ಟು, ಹುಣಸೂರು ರಸ್ತೆಯಲ್ಲಿ ಒಂದು ತಗಡಿನ ಷೆಡ್ಡು ಹಾಕಿಕೊಂಡಿದ್ದೆ.

ಮದುವೆಯೂ ಅದೇ ವರ್ಷ ಆಯಿತು. ಹೆಣ್ಣು ಅದೇ ರಸ್ತೆಯ ಹಿನಕಲ್ ಹಳ್ಳಿಯವಳು. ಮೊದಲ ಆಷಾಢಕ್ಕೆ ತವರಿಗೆ ಹೋಗಿದ್ದಳು. ಶ್ರಾವಣ ಬಂದ ಕೂಡಲೇ ನಾನು ಹೋಗಿ ಕರೆದುಕೊಂಡು ಬರಬೇಕು.

ಮಾವನವರು ರಾಗಿ ಬೆಳೆಯುವವರು. ನಾನು ನೌಕರಿ ಬಿಟ್ಟಿದ್ದು ಅವರಿಗೆ ಹಿಡಿಸಿರಲಿಲ್ಲ. ಅಷ್ಟು ದೊಡ್ಡ ಬಸ್ಸಿಗೇ ಎರಡು ದೀಪ ಸಾಕಾಗಿರುವಾಗ ಈ ಮರಿಗಾಡಿಗೆ ನಾಲ್ಕು ಯಾಕೆ ಅಂತ ಊರೆಲ್ಲ ಕೇಳಿಕೊಂಡು ಬಂದಿದ್ದರು.

ಆಷಾಢದ ಕೊನೆಯಲ್ಲಿ ಒಬ್ಬ ಮರದ ಕಂಟ್ರಾಕ್ಟರಿಗೆ ದೀಪ ಕಟ್ಟಿಕೊಟ್ಟೆ. ಕತ್ತಲಾಗುವ ಹೊತ್ತಿಗೆ ಹೊರಟ. ಹಿನಕಲ್ ಹತ್ತಿರ ರಸ್ತೆಗೆ ಮರ ಬಿದ್ದಿತ್ತು. ಊರೊಳಗಿನ ಗಾಡಿದಾರಿಗೆ ಜೀಪು ಇಳಿಸಿದ. ಕುಲುಕಾಟಕ್ಕೆ ವೈರು ಬಂಪರಿನ ಅಂಚಿಗೆ ಉಜ್ಜಿ, ಸಿಪ್ಪೆ ಹರಿದು, ತಾಮ್ರ ಕಬ್ಬಿಣಕ್ಕೆ ತಾಗಿತು. ನಾಲ್ಕೂ ದೀಪ ಒಟ್ಟಿಗೆ ಹೋದವು. ಜೀಪು ಸೀದಾ ಹೋಗಿ ಒಂದು ತಿಪ್ಪೆಯಲ್ಲಿ ಮೂತಿ ಇಟ್ಟಿತು. ಹಿನಕಲ್ಲಿನಲ್ಲಿ ಆಗ ತಿಪ್ಪೆಗೆ ಬರವಿರಲಿಲ್ಲ. ಅದು ಆರಿಸಿಕೊಂಡಿದ್ದು ನಮ್ಮ ಮಾವನವರ ತಿಪ್ಪೆಯನ್ನು.

ಮಾವನವರು ಲಾಂದ್ರ ಹಿಡಿದು ಬಂದರು. ಗೊಬ್ಬರ ಎಷ್ಟು ಚೆಲ್ಲಿದೆ ಅಂತ ಸುತ್ತ ಬಂದು ನೋಡಿ, ಆಮೇಲೆ ತಿಪ್ಪೆಗೆ ಎಗರಿಬಿದ್ದಿದ್ದ ಕಂಟ್ರಾಕ್ಟರನ್ನು ಎತ್ತಿದರಂತೆ. ಅವನು ಸೊಂಟದವರೆಗೆ ಸಗಣಿಯಾಗಿ, ದೀಪ ಕಟ್ಟಿದವನ ವಂಶವನ್ನೆಲ್ಲ ಬಯ್ಯುತ್ತಿದ್ದ. ಮಾವನವರೂ ಜೊತೆಗೂಡಿ ಚೆನ್ನಾಗಿ ಬೈದರಂತೆ. ದೀಪ ಕಟ್ಟಿದವನ ಹೆಸರು ಕೇಳಿದ ಮೇಲೆ ಬೈಯೋದು ನಿಲ್ಲಿಸಿದರು. ಬೈದಿದ್ದನ್ನು ಮಾತ್ರ ವಾಪಸ್ಸು ತಗೊಳ್ಳಲಿಲ್ಲ.

ಶ್ರಾವಣ ಬಂತು. ಕರೆಯಲು ಹೋದೆ. ಜಗುಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ಕುಡಿಯುವಾಗ ಹೇಳಿದರು.

"ಅಳಿಯಂದಿರೇ, ನೀವು ದೀಪ ಕಟ್ಟಿದ್ದ ಒಂದು ಜೀಪು ಈ ಗಾಡಿದಾರೀಲಿ ಕತ್ಲಾದ್ಮೇಲೆ ಬಂದು, ದೀಪ ಆರದಂಗೆ ಹೋಗ್ಲಿ. ಅವತ್ತು ಮಗಳನ್ನ ಕಳಿಸ್ತೀನಿ. ಅಲ್ಲೀಗಂಟ ಅವಳು ನನ್ ಮನೇಲೇ ಇರ್ಲಿ."

ಬಾಗಿಲ ಹಿಂದೆ ಬಳೆ ಸದ್ದಾಯಿತು. ಆಮೇಲೆ ಒಳಗೆ ಯಾವುದೋ ಪಾತ್ರೆ ಜೋರಾಗಿ ಕುಕ್ಕಿದ್ದು ಕೇಳಿಸಿತು. ಅವಳಿಗೂ ಆ ಮಾತು ಹಿಡಿಸಲಿಲ್ಲ ಅಂತ ಗೊತ್ತಾಗಿ ನನಗೆ ಸ್ವಲ್ಪ ಧೈರ್ಯ ಬಂತು.

ಆದರೆ ಜೀಪು ಎಲ್ಲಿಂದ ತರೋದು. ನನ್ನ ಹತ್ತಿರ ಇದ್ದಿದ್ದು ಒಂದು ಸೈಕಲ್ಲು. ಅದಕ್ಕೆ ದೀಪವೇ ಇರಲಿಲ್ಲ.

ಬಣ್ಣ

ತಿಪ್ಪೆಯ ಸುದ್ದಿ ಎಲ್ಲ ಕಡೆ ಹರಡಿತು. ಗಿರಾಕಿಗಳು ಬರೋದು ನಿಂತಿತು. ಸುದ್ದಿ ಕೇಳದವರು ಒಬ್ಬರೇ ಉಳಿದಿದ್ದರು. ಅರಮನೆ ಸೇವೆಯ ಮನೆತನದ ಒಬ್ಬ ಯಜಮಾನರು. ಅವರು ಯಾರ ಸುದ್ದಿಯನ್ನೂ ಕೇಳುತ್ತಿರಲಿಲ್ಲ.

ಅವರು ಜೀಪಿಗೆ ಹಸಿರು ಬಣ್ಣ ಹೊಡೆಸಿದ್ದರು. ಒಳಗೆ, ಹೊರಗೆ, ಅಡಿಗೆ, ಒಂದೊಂದು ಬೋಲ್ಟಿಗೂ. ನಾನು ದೀಪ ಕೂರಿಸಿ, ವೈರು ಎಳೆದು, ಸ್ವಿಚ್ಚು ಒತ್ತಿದೆ. ಹತ್ತಲಿಲ್ಲ. ಕರೆಂಟು ವೈರಿನಲ್ಲಿ ಹೋಗುತ್ತೆ, ಬರುವಾಗ ಜೀಪಿನ ಕಬ್ಬಿಣದಲ್ಲೇ ಬರಬೇಕು. ನಡುವೆ ಬಣ್ಣ ಇದ್ದರೆ ದಾರಿ ಇಲ್ಲ. ದೀಪದ ಬುಡದಲ್ಲಿ ಸ್ವಲ್ಪ ಕೆರೆಯಬೇಕು ಅಂದೆ. ಯಜಮಾನರು ನನ್ನ ಕೈ ಹಿಡಿದುಕೊಂಡರು. ನಿಮ್ಮ ಮಗುವಿನ ಕೆನ್ನೆ ಕೆರೀತೀನಿ ಅಂದಿದ್ದರೂ ಅಷ್ಟು ಗಾಬರಿ ಬೀಳುತ್ತಿರಲಿಲ್ಲ.

ಕೊನೆಗೆ ಒಪ್ಪಿದರು. ನಾನು ಉಳಿಯಿಂದ ಕೆರೆದೆ. ದೀಪ ಹತ್ತಿತು. ವೈರು ಬಿಗಿಯಲು ಸ್ಪ್ಯಾನರ್ ತರೋಣ ಅಂತ ಒಳಗೆ ಹೋಗಿ ಬಂದೆ. ದೀಪ ಆರಿತ್ತು. ಮತ್ತೆ ಕೆರೆದೆ, ಹತ್ತಿತು. ತಿರುಗಿ ನೋಡುವಷ್ಟರಲ್ಲಿ ಆರಿತು. ಇದೇನು ಗ್ರಹಚಾರ ಅಂತ ಜೀಪಿನ ಆ ಕಡೆ ಬಗ್ಗಿ ನೋಡಿದರೆ, ಯಜಮಾನರು ಕೈಯಲ್ಲಿ ಸಣ್ಣ ಡಬ್ಬಿ, ಬ್ರಷ್ಷು ಹಿಡಿದು ಕೂತಿದ್ದಾರೆ. ನಾನು ಕೆರೆದ ಕಡೆಯೆಲ್ಲ ಹಿಂದೆಯೇ ಬಣ್ಣ ತುಂಬುತ್ತಿದ್ದಾರೆ.

ಉಳಿ ಎತ್ತಿಕೊಂಡೆ. ಜೀಪಿನ ಅಡಿ ಮಲಗಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಕೆರೆದು, ವೈರು ಬಿಗಿದು ಬಂದೆ. ದೀಪ ಹತ್ತಿತು. ಎಷ್ಟು ಕುಲುಕಿದರೂ ಆರಲಿಲ್ಲ. ಅಂಚಿಗೆಲ್ಲ ರಬ್ಬರ್ ಸುತ್ತಿದ್ದೆ.

ಯಜಮಾನರಿಗೆ ಖುಷಿಯಾಯಿತು. ಇದೇ ಸಮಯ ಅಂತ, ಒಂದು ಸಂಜೆ ಈ ಜೀಪು ಹಿನಕಲ್ಲಿನ ಗಾಡಿದಾರಿಯಲ್ಲಿ ಬರಬೇಕು, ನನ್ನ ಸಂಸಾರದ ಪ್ರಶ್ನೆ ಅಂತ ಬಿಡಿಸಿ ಹೇಳಿದೆ. ಅವರು ಕೆಮ್ಮಿ ಹೇಳಿದರು.

"ನೋಡಪ್ಪಾ, ದೀಪ ಸೊಗಸಾಗಿದೆ. ಆದ್ರೆ ಹೊತ್ತಿಸೋದಿಲ್ಲ. ಬಿಸಿಗೆ ಬಣ್ಣ ಎದ್ದುಬಿಡುತ್ತೆ."

ಅರಿಶಿನ

ಆ ಯಜಮಾನರ ಮನೆಯಲ್ಲಿ ಹತ್ತದ ದೀಪ ನೋಡಿ ಮೆಚ್ಚಿ ಬಂದವರು ಒಬ್ಬ ಸಾಹುಕಾರರು. ಮಡಿಕೇರಿ ಕಡೆ ಕಾಫಿ ತೋಟ, ಮೈಸೂರಲ್ಲಿ ಮನೆ. ಪ್ರತಿ ವಾರ ಜೀಪಿನ ಹಿಂದೆ ಅಕ್ಕಿ ಮೂಟೆ ಹೇರಿಕೊಂಡು ತೋಟಕ್ಕೆ ಹೋಗುತ್ತಿದ್ದರು.

ಜೀವ ಕೈಯಲ್ಲಿ ಹಿಡಿದು ಕೆಲಸ ಮಾಡಿದೆ. ಮುಗಿದ ಮೇಲೆ ಅವರ ತಾಯಿ ಪೂಜೆಗೆ ಬಂದರು. ಹೊಸ ಸಾಮಾನು, ಪೂಜೆ ಇಲ್ಲದೆ ಹೊರಡಬಾರದು ಅಂದರು. ಕಾಯಿ ಒಡೆದರು, ನಿಂಬೆಹಣ್ಣು ಇಟ್ಟರು. ಆಮೇಲೆ ಅರಿಶಿನವನ್ನು ಎಣ್ಣೆಯಲ್ಲಿ ಕಲಸಿ, ದೀಪದ ಗಾಜಿಗೆ ಪೂರ್ತಿ ಬಳಿದರು. ಗೌರಮ್ಮನ ಮುಖಕ್ಕೂ ಅಷ್ಟು ಬಳಿಯೋದಿಲ್ಲ.

ಬೆಳಕು ಹೋಗೋದಿಲ್ಲ ಅಮ್ಮಾ ಅಂದೆ. ಆಯಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸಾಹುಕಾರರು ಆರಡಿ ಎತ್ತರದ ಆಳು. ಆನೆ ಅಡ್ಡ ಬಂದರೂ ಜೀಪು ನಿಲ್ಲಿಸದವರು ಅಂತ ಹೆಸರು. ತಾಯಿ ಬಳಿದ ಅರಿಶಿನ ಒರೆಸುವ ಧೈರ್ಯ ಅವರಿಗೂ ಇರಲಿಲ್ಲ. ಹಾಗೇ ಹೊರಟರು. ಇನ್ನೊಂದು ತಿಪ್ಪೆ ಗ್ಯಾರಂಟಿ ಅಂದುಕೊಂಡು ನಾನು ಷೆಡ್ಡಿನ ಬಾಗಿಲು ಹಾಕಿದೆ. ಹೆಂಡತಿ ತವರಿನಲ್ಲೇ ಮುದುಕಿಯಾಗುತ್ತಾಳೆ ಅನ್ನಿಸಿತು.

ಮುಂದಿನ ವಾರ ಷೆಡ್ಡಿನ ಮುಂದೆ ಸಾಹುಕಾರರ ಜೀಪು ನಿಂತಿತು. ಹಿಂದೆ ಇನ್ನೂ ಎರಡು ಜೀಪು. ಬಡಿಯಲು ಜನ ಕರೆತಂದಿದ್ದಾರೆ ಅಂತ ನಾನು ಹಿತ್ತಲ ಕಡೆ ನೋಡಿದೆ. ಸಾಹುಕಾರರು ಇಳಿದು ನನ್ನನ್ನು ತಬ್ಬಿಕೊಂಡರು. ಮಡಿಕೇರಿ ದಾರಿಯಲ್ಲಿ ಆ ದಿನ ಮಂಜು ಕವಿದಿತ್ತಂತೆ. ಮಿಕ್ಕವರ ಬಿಳಿ ಬೆಳಕು ಮಂಜಿಗೆ ಬಡಿದು ಅವರ ಕಣ್ಣಿಗೇ ವಾಪಸ್ಸು ಬಂದು, ಎಲ್ಲರೂ ರಸ್ತೆ ಪಕ್ಕಕ್ಕೆ ನಿಂತುಬಿಟ್ಟರಂತೆ. ಇವರ ಹಳದಿ ಬೆಳಕಿಗೆ ಮಾತ್ರ ದಾರಿ ಕಂಡಿತಂತೆ. ನಿಂತವರೆಲ್ಲ ಇವರ ಹಿಂದೆ ಸಾಲಾಗಿ ಬಂದರಂತೆ. ಅವರಲ್ಲಿ ಇಬ್ಬರು ಈಗ ಅದೇ ದೀಪ ಬೇಕು ಅಂತ ಬಂದಿದ್ದರು.

ಅರಿಶಿನ ನಾನೇ ಬಳಿದುಕೊಡುತ್ತೇನೆ ಅಂದೆ. ಅವರು ಒಪ್ಪಲಿಲ್ಲ. ಸಾಹುಕಾರರ ಅಮ್ಮನೇ ಬಳಿಯಬೇಕು ಅಂತ ಇಬ್ಬರಿಗೂ ಹಟ. ಆಯಮ್ಮ ಬಂದು, ಷೆಡ್ಡಿನಲ್ಲಿ ಮಣೆ ಹಾಕಿಸಿಕೊಂಡು ಕೂತರು. ಬಳಿಯುತ್ತಾ ನನ್ನ ಮನೆಯ ವಿಚಾರ ಕೇಳಿದರು. ಹೆಂಡತಿ ತವರಲ್ಲಿ ಉಳಿದಿದ್ದು, ಮಾವನವರ ಷರತ್ತು, ಎಲ್ಲ ಹೇಳಿದೆ. ಆಯಮ್ಮ ಕೈ ತೊಳೆಯದೆ ಮಗನನ್ನು ಕರೆದರು.

"ಇವನ ಹೆಂಡ್ತಿ ಶ್ರಾವಣದಲ್ಲೂ ತವರಲ್ಲಿ ಕೂತಿದಾಳಂತೆ ಕಣೋ. ಜೀಪು ತೆಗಿ."

ಅಕ್ಕಿ ಮೂಟೆ ಇಳಿಸಲು ಸಾಹುಕಾರರೇ ಹೆಗಲು ಕೊಟ್ಟರು. ಮೂವರೂ ಹೊರಟೆವು. ಅರಿಶಿನಕ್ಕೆ ಬಂದಿದ್ದ ಇಬ್ಬರು ಗಿರಾಕಿಗಳು ಷೆಡ್ಡು ಕಾಯುತ್ತಾ ಕೂತರು.

ಭಾರ

ಹಿನಕಲ್ ಮುಟ್ಟುವಾಗ ಕತ್ತಲು ಇಳಿದಿತ್ತು. ಸಾಹುಕಾರರು ಗಾಡಿದಾರಿಗೆ ಜೀಪು ಇಳಿಸಿ ಸ್ವಿಚ್ಚು ಒತ್ತಿದರು. ಊರೆಲ್ಲ ಹೊರಗೆ ಬಂತು. ಮಾವನವರು ತಿಪ್ಪೆಯ ಮುಂದೆ ಎರಡೂ ಕೈ ಅಡ್ಡ ಹಿಡಿದು ನಿಂತಿದ್ದರು, ಕಾವಲು. ಹಳದಿ ಬೆಳಕಿನಲ್ಲಿ ಅವರೂ ತಿಪ್ಪೆಯೂ ಒಂದೇ ಸಮ ಬಂಗಾರದ ಹಾಗೆ ಕಂಡರು.

ಒಂದು ಸುತ್ತು ಬಂದೆವು. ದೀಪ ಆರಲಿಲ್ಲ. ನಾನು ಇಳಿದು ಕೈ ಮುಗಿದೆ. ಮಾವನವರು ಸುಲಭಕ್ಕೆ ಬಿಡುವ ಜನ ಅಲ್ಲ. ದೀಪ ಹತ್ತಿದ್ದು ಸರಿ, ಆದರೆ ಬೆಳಕು ನೆಲಕ್ಕೇ ಬೀಳುತ್ತಿದೆ, ದಾರಿ ತೋರಿಸೋದು ಬಿಟ್ಟು ಚಕ್ರಕ್ಕೆ ಆರತಿ ಎತ್ತುತ್ತಿದೆ ಅಂದರು. ಊರವರು ನಕ್ಕರು.

ಮಾತು ಸುಳ್ಳಲ್ಲ. ಆ ದೀಪಗಳನ್ನು ನಾನು ಅಕ್ಕಿ ಮೂಟೆ ಹೇರಿದಾಗ ಅಳತೆ ನೋಡಿ ಕೂರಿಸಿದ್ದೆ. ಹಿಂದೆ ಭಾರ ಇದ್ದರೆ ಜೀಪಿನ ಮೂತಿ ಏಳುತ್ತೆ, ಬೆಳಕು ದೂರ ಹೋಗುತ್ತೆ. ಮೂಟೆ ಇಳಿಸಿ ಬಂದಿದ್ದೆವು, ಮೂತಿ ತಗ್ಗಿತ್ತು. ಇದನ್ನು ಹೇಳಿ, ಒಂದು ರಾಗಿ ಮೂಟೆ ಕೊಡಿ, ಹಾಕಿಕೊಂಡು ತೋರಿಸುತ್ತೇನೆ ಅಂದೆ.

ರಾಗಿ ಅಂದ ಕೂಡಲೇ ಮಾವನವರ ಮುಖ ಗಂಟಾಯಿತು. ಆ ಗಾಡಿದಾರಿಯಲ್ಲಿ ಮೂಟೆ ಬಿದ್ದು ಒಡೆದರೆ ಯಾರು ಆರಿಸೋರು ಅಂದರು. ಆಗ ಆಯಮ್ಮ ಮುಂದಿನ ಸೀಟಿನಿಂದ, ಭಾರ ಯಾವುದಾದರೇನು, ಬಾಗಿಲಲ್ಲಿ ನಿಂತಿರುವ ಹುಡುಗಿಯನ್ನೇ ಹತ್ತಿಸಿ ಅಂದರು. ಮಾವನವರು ರಾಗಿಯನ್ನು ಒಂದು ಸಲ, ಮಗಳನ್ನು ಒಂದು ಸಲ ನೆನೆದುಕೊಂಡರು.

"ರಾಗಿ ಬ್ಯಾಡ. ಕೂಸೇ, ನೀನ್ ಹತ್ತು."

ಅವಳು ಹತ್ತಿದಳು. ಆಗ ಅವಳು ಕಡ್ಡಿಯ ಹಾಗಿದ್ದಳು. ಮೂತಿ ಏಳಲಿಲ್ಲ. ನಾನು ಬಾಯಿ ತೆರೆಯುವುದಕ್ಕೆ ಮುಂಚೆ ಅವಳೇ ಹೇಳಿದಳು, ಸಾಲದು ಅಪ್ಪಾ, ನನ್ನ ಪೆಟ್ಟಿಗೆನೂ ಹಾಕಿ. ಪೆಟ್ಟಿಗೆ ಯಾವಾಗಲೋ ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದಳು. ಮಾವನವರೇ ಹೊತ್ತು ತಂದು ಹಾಕಿದರು. ಸ್ವಲ್ಪ ಎದ್ದಿತು. ಮಾವನವರಿಗೆ ಈಗ ಹುರುಪು ಹತ್ತಿತು. ಪರೀಕ್ಷೆ ಮಾಡಿದರೆ ಸರಿಯಾಗಿ ಮಾಡಬೇಕು ಅಂದರು. ಹಾಸಿಗೆ ಸುರುಳಿ ಬಂತು. ಮದುವೆಗೆ ಕೊಟ್ಟ ತಾಮ್ರದ ಹಂಡೆ ಬಂತು. ಕೊನೆಗೆ ನಾನೂ ಅವರೂ ಸೇರಿ, ಅಡುಗೆಮನೆಯ ಒರಳುಕಲ್ಲು ಎತ್ತಿ ಹಿಂದೆ ಇಟ್ಟೆವು.

ಮೂತಿ ಎದ್ದಿತು. ಬೆಳಕು ಗಾಡಿದಾರಿ ಉದ್ದಕ್ಕೂ ಹೋಗಿ, ಊರಾಚೆ ಹೊಲದ ಬೇಲಿಯವರೆಗೂ ಬಿತ್ತು. ಊರವರು ಓ ಅಂದರು. ಮಾವನವರು ಮೀಸೆ ತಿರುವಿಕೊಂಡರು, ದೀಪ ತಾವೇ ಕಟ್ಟಿದವರ ಹಾಗೆ. ಈಗ ಹೋಗಿ ಒಂದು ಸುತ್ತು ಬನ್ನಿ ಅಂದರು.

ನಾನು ಹಿಂದೆ ಕಲ್ಲಿನ ಪಕ್ಕ ಕೂತೆ. ಜೀಪು ಹೊರಟಿತು. ಹಳ್ಳ, ದಿಣ್ಣೆ, ಎಲ್ಲ ಕುಲುಕಿತು. ದೀಪ ಆರಲಿಲ್ಲ. ಅವಳು ನನ್ನ ಕಡೆ ನೋಡದೆ ಮೆಲ್ಲಗೆ ಕೇಳಿದಳು, ಈ ಜೀಪು ತಿರುಗೋದು ಎಲ್ಲಿ. ನನಗೂ ಗೊತ್ತಿರಲಿಲ್ಲ. ಮುಂದಿನ ಸೀಟಿನಲ್ಲಿ ಆಯಮ್ಮ ಮಗನಿಗೆ ಹೇಳಿದ್ದು ಕೇಳಿಸಿತು.

"ತಿರುಗಿಸ್ಬೇಡ ಕಣೋ. ಸೀದಾ ಮೈಸೂರಿಗೆ ಬುಡು."

ಮಾವನವರು ದೀಪ ಕಣ್ಮರೆಯಾಗುವವರೆಗೂ ನೋಡಿ, ಆರಲಿಲ್ಲ ಆರಲಿಲ್ಲ ಅಂತ ಊರವರಿಗೆಲ್ಲ ಹೇಳಿದರಂತೆ. ಜೀಪು ವಾಪಸ್ಸು ಬರಲಿಲ್ಲ ಅನ್ನೋದು ಅವರಿಗೆ ಹೊಳೆದಿದ್ದು ಊಟಕ್ಕೆ ಕೂತಾಗ.

ಬೆಳಿಗ್ಗೆ ಎತ್ತಿನ ಗಾಡಿ ಕಟ್ಟಿಕೊಂಡು ನಮ್ಮ ಮನೆಗೆ ಬಂದರು. ನಾನು ಎದ್ದು ನಿಂತೆ. ಅವರು ಮಗಳನ್ನು ವಾಪಸ್ಸು ಕೇಳಲಿಲ್ಲ. ಕೊಟ್ಟ ಮಾತು ಕೊಟ್ಟಿದ್ದೇ, ಅವಳು ಇರಲಿ ಅಂದರು. ಆಮೇಲೆ ದನಿ ತಗ್ಗಿಸಿದರು.

"ಒರಳುಕಲ್ಲು ಕೊಟ್ಬುಡಿ ಅಳಿಯಂದಿರೇ. ನಿಮ್ಮತ್ತೆ ರಾತ್ರಿಯಿಂದ ಮಾತಾಡ್ತಿಲ್ಲ."

ನಾನು ಕಲ್ಲು ಎತ್ತಲು ಬಗ್ಗಿದೆ. ಅವಳು ಒಳಗಿನಿಂದ ಬಂದು ಕಲ್ಲಿನ ಮೇಲೆ ಕೂತುಬಿಟ್ಟಳು.

"ಇದನ್ನ ಕೊಟ್ರೆ ದೀಪ ನೆಲ ನೋಡ್ತಾವೆ ಅಪ್ಪಾ."

ಮಾವನವರು ಯೋಚನೆ ಮಾಡಿದರು. ನ್ಯಾಯ ಅನ್ನಿಸಿತು. ಇನ್ನೆಷ್ಟು ದಿನ ಬೇಕು ಈ ಭಾರ ಅಂತ ಕೇಳಿದರು.

"ನಾನಿರೋಗಂಟ" ಅಂದಳು.

ಅವರು ಕಾಫಿ ಕುಡಿದು, ಬರಿಗಾಡಿ ಹೊಡೆದುಕೊಂಡು ಹಿನಕಲ್ಲಿಗೆ ಹೋದರು. ಅತ್ತೆಗೆ ಏನು ಹೇಳಿದರೋ ಗೊತ್ತಿಲ್ಲ. ಆ ವರ್ಷವೆಲ್ಲ ಆ ಮನೆಯ ಚಟ್ನಿ ಪಕ್ಕದ ಮನೆಯಲ್ಲೇ ಅರೆದು ಬರುತ್ತಿತ್ತು.