ಮೊದಲ ಕಂತಿನ ಟೇಪು

ಬೆಳಿಗ್ಗೆ ಹತ್ತಕ್ಕೆ ನಿರ್ದೇಶಕರು ಟೇಪು ಕೋಣೆಗೆ ತಲೆ ಹಾಕಿ, "ಮೊದಲ ಕಂತಿನ ಟೇಪು ತೆಗೆದಿಡ್ರಿ. ಇವತ್ತು ನಲವತ್ತು ವರ್ಷ ತುಂಬಿದ ಸಂಭ್ರಮ, ಸಂಜೆ ತೋರಿಸ್ಬೇಕು" ಎಂದು ಹೇಳಿ ಹೋದರು. ಗುಮಾಸ್ತನ ಕೈಲಿದ್ದ ಚಹಾ ಕೈಲೇ ಆರಿತು.

'ಇವರ ಕಸುಬೇನು?' ಕಾರ್ಯಕ್ರಮ ಶುರುವಾದಾಗ ಟೀವಿ ಇನ್ನೂ ಕಪ್ಪು-ಬಿಳುಪು. ಮೂವರು ಕೂತು ಪ್ರಶ್ನೆ ಕೇಳುತ್ತಾರೆ. ಅತಿಥಿ ಹೌದು, ಇಲ್ಲ ಎನ್ನುವುದರಲ್ಲೇ ಕಸುಬು ಪತ್ತೆಯಾಗಬೇಕು. ನಾಲ್ವರು ನಿರೂಪಕರು ಬದಲಾದರು, ಕುರ್ಚಿಗಳ ಬಟ್ಟೆ ಏಳು ಸಲ ಬದಲಾಯಿತು, ಆಟ ಮಾತ್ರ ನಿಲ್ಲಲಿಲ್ಲ. ಆದರೆ ಇಪ್ಪತ್ತೆರಡು ವರ್ಷದ ಹಿಂದೆ ಖಾಲಿ ಟೇಪಿಗೆ ಬರ ಬಂದಾಗ ಆಗಿನ ಸಾಹೇಬರು, "ಹಳೇದನ್ನ ಯಾರಯ್ಯ ನೋಡ್ತಾರೆ? ಅಳಿಸು" ಎಂದಿದ್ದರು. ಗುಮಾಸ್ತ ಮೊದಲ ಕಂತನ್ನೇ ಅಳಿಸಿ, ಕುಸ್ತಿ ಪಂದ್ಯ ತುಂಬಿದ್ದ. ಸಾಕ್ಷಿ ಹೇಳಿಸೋಣವೆಂದರೆ ಸಾಹೇಬರು ತೀರಿಕೊಂಡು ಆರು ವರ್ಷ.

ಊಟದ ಹೊತ್ತಿಗೆ ಗುಟ್ಟು ಹಬ್ಬಿ, ಬೆಲ್ಲಕ್ಕೆ ನೊಣ ಮುತ್ತಿದಂತೆ ಸಲಹೆಗಾರರು ಮುತ್ತಿದರು.

"ಇಲಿ ತಿಂತು ಅನ್ನಿ" ಎಂದಳು ಮೇಕಪ್ಪಿನವಳು.

"ಕಬ್ಬಿಣದ ಬೀರು ತೆಗೆಯೋ ಇಲಿ ಎಲ್ಲಿದೆ ತಾಯಿ?"

"ಹಾಗಾದ್ರೆ ಬೆಂಕಿ ಬಿತ್ತು ಅನ್ನಿ. ಬೇಕಾದ್ರೆ ಒಂಚೂರು ಹಚ್ಚಿ ಕೊಡ್ತೀನಿ" ಎಂದ ಲೈಟಿನವನು, ಬಹಳ ಪ್ರೀತಿಯಿಂದ.

ಐದಕ್ಕೆ, ಆದದ್ದಾಗಲಿ ನಿಜ ಹೇಳಿಬಿಡೋಣ ಎಂದು ಹೊರಟರೆ ನಿರ್ದೇಶಕರೇ ಎದುರಾದರು. "ಅತಿಥಿಗೆ ಜ್ವರ ಕಣ್ರೀ. ನೀವೇ ಕೂತ್ಕೊಳ್ಳಿ!"

"ಸಾರ್, ಆ ಟೇಪು..."

"ಎಲ್ಲಾ ಆಮೇಲೆ!"

ನೇರ ಪ್ರಸಾರ. ದೀಪಗಳ ಕಾವಿಗೆ ಗುಮಾಸ್ತ ಬೆವೆತುಹೋದ.

"ನಿಮ್ಮ ಕೈಗೆ ಬಂದದ್ದು ವಾಪಸ್ ಹೋಗುತ್ತಾ?"

"ಇಲ್ಲ."

"ಅದಕ್ಕಾಗಿ ಜನ ಅಳ್ತಾರಾ?"

"...ಹೌದು."

"ಸ್ಮಶಾನದ ಕಾವಲುಗಾರ!"

ನಿರೂಪಕರು ನಕ್ಕು ಕೈ ಅಲ್ಲಾಡಿಸಿದರು. "ಅಲ್ಲ! ನಮ್ಮ ನಲವತ್ತು ವರ್ಷಾನ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದವರು!"

ಚಪ್ಪಾಳೆ ಬೆನ್ನ ಮೇಲೆ ಬಿದ್ದ ಏಟಿನಂತಿತ್ತು. ಗುಮಾಸ್ತ ಎದ್ದು ನಿಂತ. "ಮೊದಲನೇ ಕಂತನ್ನ ನಾನೇ ಅಳಿಸಿದೆ. ಅದರಲ್ಲೀಗ ಕುಸ್ತಿ ಇದೆ."

ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಿರೂಪಕರು ಕಣ್ಣೊರೆಸಿಕೊಂಡು, "ಇಂಥ ಜೋಕು ನಾನು ಕೇಳೇ ಇಲ್ಲ! ಹೊತ್ತಾಯ್ತು, ಮೊದಲ ಕಂತು ಮುಂದಿನ ವಾರ!" ಎಂದು ಮುಗಿಸಿದರು.

ದೀಪಗಳು ಆರಿದ ಮೇಲೆ, ಮೊದಲ ದಿನದಿಂದ ಪ್ರಶ್ನೆ ಕೇಳುತ್ತಾ ಬಂದಿದ್ದ ಮುದುಕಿ ಕೋಲೂರಿಕೊಂಡು ಅವನ ಹತ್ತಿರ ಬಂದರು. ಅವರೊಬ್ಬರೇ ನಕ್ಕಿರಲಿಲ್ಲ.

"ಅವತ್ತಿನ ಅತಿಥಿ ಬೀಗ ರಿಪೇರಿಯವರು. ಎಷ್ಟು ಕೇಳಿದ್ರೂ ನಂಗೆ ಪತ್ತೆಯಾಗ್ಲಿಲ್ಲ. ಆಮೇಲೆ ಅವರನ್ನೇ ಮದುವೆಯಾದೆ. ಹೋಗಿ ಹನ್ನೊಂದು ವರ್ಷ ಆಯ್ತಪ್ಪ, ಈಗೀಗ ಅವರ ದನೀನೇ ನೆನಪಿಗೆ ಬರ್ತಿಲ್ಲ." ಅವರು ಅವನ ತೋಳು ಹಿಡಿದುಕೊಂಡರು. "ನೀನು ತಮಾಷೆಗೆ ತಾನೇ ಅಂದಿದ್ದು?"

ಗುಮಾಸ್ತ ನೆಲ ನೋಡಿದ.

"ತಮಾಷೆಗೇ, ಅಮ್ಮಾ" ಎಂದ.